ಪೇಟೆ ಇತ್ತ, ಕಚೇರಿ ಅತ್ತ: ತಲಪಾಡಿ ಗಡಿಯ ಸಂಚಾರ ಮತ್ತು ವ್ಯಾಪಾರ



ಈ ದತ್ತಿ ಉಪನ್ಯಾಸದ ವಿಷಯ ಈ ಸೀಮೆಯ ಜನರ ದಿನನಿತ್ಯದ ಬದುಕಿಗೆ ತಾಗಿದ್ದಾಗಿರಬೇಕು ಎಂಬ ಮಾತು ದತ್ತಿಪತ್ರದಲ್ಲಿದೆ. ಅದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ಅಪ್ಪ. ಬದಿಯಡ್ಕದ ಹತ್ತಿರ ನಮಗೊಂದು ಸಣ್ಣ ಅಡಿಕೆ ತೋಟವಿತ್ತು. ಅಪ್ಪ ಬೆಳಗ್ಗೆ ಅಂಗಿ ಹಾಕಿಕೊಂಡು “ಪೇಟೆಗೆ ಹೋಗಿ ಬರುತ್ತೇನೆ” ಎಂದರೆ ಮಂಗಳೂರಿಗೆ ಎಂದು ಅರ್ಥ. “ಕಚೇರಿಗೆ ಹೋಗಬೇಕು” ಎಂದರೆ ಕಾಸರಗೋಡಿಗೆ. ಅಲ್ಲಿಯೂ ಕೆಲಸ ಆಗದೆ ಕಾಗದ “ಮೇಲಕ್ಕೆ ಹೋಯಿತು” ಎಂದರೆ, ಅದು ಐನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ತಿರುವನಂತಪುರಕ್ಕೆ ಹೋಯಿತು ಎಂದು. ಮಾರುವುದು, ಕೊಳ್ಳುವುದು, ಮಕ್ಕಳನ್ನು ಓದಿಸುವುದು, ಕಾಯಿಲೆಗೆ ಮದ್ದು ಮಾಡುವುದು ಒಂದು ರಾಜ್ಯದಲ್ಲಿ; ತೆರಿಗೆ ಕಟ್ಟುವುದು, ರೇಷನ್ ತರುವುದು, ಓಟು ಹಾಕುವುದು ಇನ್ನೊಂದರಲ್ಲಿ. ನಾನು ಹುಟ್ಟುವ ಹೊತ್ತಿಗೆ ಗಡಿ ಬಿದ್ದು ಒಂದು ವರ್ಷವಾಗಿತ್ತು. ಹಾಗಾಗಿ ಪೇಟೆ ಮತ್ತು ಕಚೇರಿ ಬೇರೆ ಬೇರೆ ದಿಕ್ಕಿಗೆ ಇರುವುದೇ ಲೋಕದ ಕ್ರಮ ಎಂದು ಬಹುಕಾಲ ನಂಬಿದ್ದೆ. ಅರ್ಥಶಾಸ್ತ್ರ ಓದಲು ಮಂಗಳೂರಿಗೆ ಬಂದ ಮೇಲೆ, ಉಳಿದ ಊರುಗಳಲ್ಲಿ ಇವೆರಡೂ ಒಂದೇ ರಸ್ತೆಯಲ್ಲಿ ಇರುತ್ತವೆ ಎಂದು ತಿಳಿಯಿತು.

ಇಂದು ಹೇಳಬೇಕಾದ ಮಾತು ಇದೇ. ತಲಪಾಡಿಯ ಎರಡೂ ಕಡೆ ಇರುವುದು ಒಂದೇ ಆರ್ಥಿಕತೆ. ಆದರೆ ಅದರ ಲೆಕ್ಕವನ್ನು ಎರಡು ರಾಜ್ಯಗಳು ಎರಡು ಪುಸ್ತಕಗಳಲ್ಲಿ ಅರ್ಧರ್ಧ ಬರೆಯುತ್ತವೆ. ಎರಡನ್ನೂ ಒಟ್ಟಿಗೆ ಇಟ್ಟು ಓದುವವರು ಯಾರೂ ಇಲ್ಲ. ಈ ಸೀಮೆಯ ಹೆಚ್ಚಿನ ಕಷ್ಟಗಳ ಬೇರು ಅಲ್ಲಿದೆ.

ಗಡಿಯ ಚರಿತ್ರೆಯನ್ನು ಇಲ್ಲಿ ಕುಳಿತವರಿಗೆ ನಾನು ವಿಸ್ತಾರವಾಗಿ ಹೇಳಬೇಕಿಲ್ಲ. ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತಾಲೂಕಾಗಿತ್ತು. ಜಿಲ್ಲಾ ಕೇಂದ್ರ ಮಂಗಳೂರು. 1907ರಲ್ಲಿ ಪಶ್ಚಿಮ ಕರಾವಳಿಯ ರೈಲು ಮಂಗಳೂರು ಮುಟ್ಟಿದಾಗ ಕುಂಬಳೆ, ಉಪ್ಪಳ, ಮಂಜೇಶ್ವರದ ಜನರಿಗೆ ಪೇಟೆ ಇನ್ನಷ್ಟು ಹತ್ತಿರವಾಯಿತು. 1956ರ ನವೆಂಬರ್ 1ರಂದು ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಮೈಸೂರಿಗೆ ಸಲ್ಲಬೇಕು ಎಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಅದು ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಕವಿಗಳಾದ ಮಂಜೇಶ್ವರದ ಗೋವಿಂದ ಪೈಯವರು, ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಯವರು ಈ ಗಾಯವನ್ನು ಹೊತ್ತು ಬದುಕಿದವರು. ಆ ನೋವು ನನ್ನದೂ ಹೌದು. ಆದರೆ ಇವತ್ತು ನಾನು ಹಿಡಿದು ತಂದಿರುವುದು ನೋವಿನ ಪಕ್ಕದಲ್ಲೇ ಇದ್ದು ಯಾರೂ ತೆರೆಯದ ಇನ್ನೊಂದು ಕಡತವನ್ನು: ಅಡಿಕೆ, ಬೀಡಿ, ಮೀನು, ಬಸ್ಸು, ಆಂಬ್ಯುಲೆನ್ಸ್.

ಗಡಿಗೆ ಸ್ವತಃ ಒಂದು ಶಕ್ತಿ ಇದೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಅಳೆದು ತೋರಿಸಿದ್ದಾರೆ. 1995ರಲ್ಲಿ ಜಾನ್ ಮೆಕಾಲಮ್ ಎಂಬ ಕೆನಡಾದ ವಿದ್ವಾಂಸರು, ಕೆನಡಾದ ಒಂದು ಪ್ರಾಂತ ಇನ್ನೊಂದು ಪ್ರಾಂತದ ಜೊತೆ ಮಾಡುವ ವ್ಯಾಪಾರವನ್ನು, ಅಷ್ಟೇ ದೊಡ್ಡದಾದ, ಅಷ್ಟೇ ದೂರದ ಅಮೆರಿಕದ ರಾಜ್ಯದ ಜೊತೆ ಮಾಡುವ ವ್ಯಾಪಾರಕ್ಕೆ ಹೋಲಿಸಿದರು. ಒಳಗಿನ ವ್ಯಾಪಾರ ಸುಮಾರು 22 ಪಟ್ಟು ಹೆಚ್ಚಿತ್ತು. ಬಹುಪಾಲು ಒಂದೇ ಭಾಷೆ, ಜಗಳವಿಲ್ಲದ ನೆರೆಹೊರೆ, ಆದರೂ ಗೆರೆ ಅಷ್ಟು ದೂರವನ್ನು ಹುಟ್ಟಿಸಿತ್ತು. ನಮ್ಮದು ಒಂದೇ ದೇಶದೊಳಗಿನ ಗಡಿ. ಸಂವಿಧಾನದ 301ನೆಯ ವಿಧಿ ದೇಶದುದ್ದಕ್ಕೂ ವ್ಯಾಪಾರ ಮತ್ತು ಸಂಚಾರ ಮುಕ್ತವಾಗಿರಬೇಕು ಎನ್ನುತ್ತದೆ. 2016-17ರ ಆರ್ಥಿಕ ಸಮೀಕ್ಷೆ ನಮ್ಮ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ ದೇಶದ ಒಟ್ಟು ಉತ್ಪನ್ನದ ಶೇಕಡಾ 54ರಷ್ಟಿದೆ ಎಂದು ಅಂದಾಜು ಮಾಡಿತು. ಜನ ನೆನೆಸಿದ್ದಕ್ಕಿಂತ ಅದು ಬಹಳ ಹೆಚ್ಚು. ಹಾಗಾದರೆ ನಮ್ಮ ಗಡಿ ಬರೀ ನಕ್ಷೆಯ ಗೆರೆಯೇ? ಅಡಿಕೆಯಿಂದ ಶುರುಮಾಡೋಣ.

ಗಡಿಯ ಈಚೆ ಪುತ್ತೂರು, ಸುಳ್ಯ, ವಿಟ್ಲ. ಆಚೆ ಪೆರ್ಲ, ಬದಿಯಡ್ಕ, ಮುಳ್ಳೇರಿಯ. ಮಣ್ಣು ಒಂದೇ, ಮಳೆ ಒಂದೇ, ಕೊಳೆರೋಗ ಒಂದೇ, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣವೂ ಒಂದೇ. ಹೊಸತು, ಚೋಲ್, ಡಬಲ್ ಚೋಲ್, ಪಟೋರ, ಉಳ್ಳಿ, ಕರಿಗೋಟು ಎಂದು ಅಡಿಕೆಯನ್ನು ವಿಂಗಡಿಸುವ ಮಾತು ಕೂಡ ಎರಡೂ ಕಡೆ ಒಂದೇ. ಧಾರಣೆ ನಿರ್ಧಾರವಾಗುತ್ತಿದ್ದದ್ದು ಮಂಗಳೂರಿನ ಬಂದರಿನ ಮಂಡಿಗಳಲ್ಲಿ. 1970ರ ಆಸುಪಾಸಿನಲ್ಲಿ ಧಾರಣೆ ನೆಲಕಚ್ಚಿತು. ಅಪ್ಪ ಗೋಣಿಚೀಲಗಳನ್ನು ಹಾಗೆಯೇ ವಾಪಸು ತಂದು ಜಗಲಿಯಲ್ಲಿ ಇಳಿಸಿದ ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅಂದು ಯಾರೂ ಅವರನ್ನು ಮಾತನಾಡಿಸಲಿಲ್ಲ.

ಆ ಸಂಕಟದಿಂದಲೇ 1973ರ ಜುಲೈ 11ರಂದು ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಹುಟ್ಟಿತು. ಅದರ ಹಿಂದಿದ್ದವರು ವಾರಣಾಶಿ ಸುಬ್ರಾಯ ಭಟ್ಟರು. ಆಗ ಈಚೆಗಿನ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ. ರಾಜ್ಯದ ಹೆಸರು ಬದಲಾಗುವ ಮೊದಲೇ ಬೆಳೆಗಾರರು ಎರಡು ರಾಜ್ಯಗಳನ್ನು ಒಂದು ಸಹಕಾರಿ ಸಂಸ್ಥೆಯೊಳಗೆ ತಂದಿದ್ದರು. ಕೇಂದ್ರ ಕಚೇರಿ ಮಂಗಳೂರಿನಲ್ಲಿ, ಸದಸ್ಯರು ಎರಡೂ ರಾಜ್ಯಗಳಲ್ಲಿ. ಬದಿಯಡ್ಕದಲ್ಲಿ ಕ್ಯಾಂಪ್ಕೊ ಶಾಖೆ ತೆರೆದ ಮೇಲೆ ಅಪ್ಪ ಅಡಿಕೆಗಾಗಿ ಮಂಗಳೂರಿಗೆ ಹೋಗಬೇಕಾಗಲಿಲ್ಲ; ಮಂಗಳೂರಿನ ಧಾರಣೆಯೇ ಅವರಿದ್ದಲ್ಲಿಗೆ ಬಂತು. ಮುಂದೆ ಕೊಕ್ಕೋ ಬೆಲೆ ಕುಸಿದು ಖಾಸಗಿ ಖರೀದಿದಾರರು ಹಿಂದೆ ಸರಿದಾಗಲೂ ಇದೇ ಸಂಸ್ಥೆ ಕೈಹಾಕಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಶುರುವಾಯಿತು.

ಇದರ ಜೊತೆಗೆ ಸಂಶೋಧನೆಯ ಕತೆಯನ್ನೂ ಇಡಬೇಕು. ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ 1916ರಲ್ಲಿ ಮದರಾಸು ಸರಕಾರದ ಕಾಲದಲ್ಲಿ ಶುರುವಾದದ್ದು. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರದ್ದು. 1970ರಲ್ಲಿ ಎರಡೂ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೊಳಗೆ ಬಂದವು: ಮುಖ್ಯ ಕಚೇರಿ ಕೇರಳದಲ್ಲಿ, ಪ್ರಾದೇಶಿಕ ಕೇಂದ್ರ ಕರ್ನಾಟಕದಲ್ಲಿ. ವಿಟ್ಲದಿಂದ 1972ರಲ್ಲಿ ಬಂದ ‘ಮಂಗಳಾ’ ಅಡಿಕೆ ತಳಿಯ ಸಸಿ ತನ್ನನ್ನು ನೆಡುವುದು ಯಾವ ರಾಜ್ಯದಲ್ಲಿ ಎಂದು ಕೇಳಲಿಲ್ಲ. ಹಾಗೆ ನೋಡಿದರೆ ಅಡಿಕೆಯ ಲೋಕ ಗಡಿಯನ್ನು ಜಾಣತನದಿಂದ ನಿಭಾಯಿಸಿತು. ಎಲ್ಲಿ ಎರಡು ರಾಜ್ಯಗಳಿಗೂ ಮೇಲಿನ ಒಂದು ಸಂಸ್ಥೆ ಇತ್ತೋ ಅಲ್ಲಿ ಬೆಳೆಗಾರ ಉಳಿದ.

ತೆರಿಗೆಯ ವಿಷಯದಲ್ಲಿ ಹಾಗಾಗಲಿಲ್ಲ. ಎರಡು ರಾಜ್ಯಗಳಿಗೆ ಎರಡು ತೆರಿಗೆ ದರ, ಎರಡು ಬಗೆಯ ಬಿಲ್ಲು. ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು. ರಾತ್ರಿ ಅಡ್ಕಸ್ಥಳ, ಸಾರಡ್ಕದ ಕಡೆಯ ಒಳದಾರಿಗಳಲ್ಲಿ ದೀಪ ಆರಿಸಿ ಹೋಗುವ ಜೀಪುಗಳು. “ಬಿಲ್ಲು ಎಲ್ಲಿಯದ್ದು ಹಾಕುದು, ಇಲ್ಲಿದ್ದಾ ಅಲ್ಲಿದ್ದಾ?” ಎಂದು ಅಂಗಡಿಯವರು ಅಪ್ಪನನ್ನು ಕೇಳುತ್ತಿದ್ದದ್ದು ಕಿವಿಯಲ್ಲಿ ಇದೆ. ನೇರ ವ್ಯಾಪಾರ ಮಾಡಿದವನಿಗೆ ನಷ್ಟ, ಕಳ್ಳದಾರಿ ಬಲ್ಲವನಿಗೆ ಲಾಭ ಎಂಬ ಸ್ಥಿತಿ ಒಂದು ಸೀಮೆಯ ಗುಣವನ್ನೇ ಕೆಡಿಸುತ್ತದೆ. ನಮ್ಮ ಹಳ್ಳಿಗಳ ಕೆಲವು ತರುಣರು ಮೊದಲು ಕಲಿತ ಕಸುಬು ಅದೇ ಆಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ತೆರಿಗೆ ಚೆಕ್‌ಪೋಸ್ಟುಗಳು ಮುಚ್ಚಿದವು. ಮರುವರ್ಷ 50,000 ರೂಪಾಯಿಗಿಂತ ಹೆಚ್ಚಿನ ಸರಕಿಗೆ ಇ-ವೇ ಬಿಲ್ ಬಂತು. ಲಾರಿಗಳ ಸಾಲು ಕರಗಿತು. ಸಣ್ಣ ವ್ಯಾಪಾರಿಗೆ ಕಂಪ್ಯೂಟರಿನ ತಲೆನೋವು ಹೆಚ್ಚಾಯಿತು ಎಂಬುದು ನಿಜ. ಆದರೂ ಈ ಗಡಿಗೆ ಆದ ಉಪಕಾರಗಳಲ್ಲಿ ಅದು ದೊಡ್ಡದು ಎಂದೇ ನನ್ನ ಅಭಿಪ್ರಾಯ.

ಒಂದು ವಿಷಯದಲ್ಲಿ ಬೆಳೆಗಾರರಾದ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಹೊರದೇಶದ ಅಡಿಕೆ ಬರಬಾರದು ಎಂದು ನಾವು ಹೋರಾಡುತ್ತೇವೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗ ಸಂತೋಷಪಟ್ಟೆವು. ಒಂದು ಗಡಿ ಬಿಗಿಯಾಗಲಿ, ಇನ್ನೊಂದು ಗಡಿ ಸಡಿಲವಾಗಲಿ ಎಂಬುದು ನಮ್ಮ ಬೇಡಿಕೆ. ಇದರಲ್ಲಿ ವಿರೋಧವಿಲ್ಲ ಎಂದು ನಾನು ವಾದಿಸಬಲ್ಲೆ; ಆದರೆ ಗಡಿ ಎಂಬುದು ಯಾರನ್ನು ಕಾಯುತ್ತದೆ, ಯಾರನ್ನು ತಡೆಯುತ್ತದೆ ಎಂದು ಪ್ರತಿ ಸಲವೂ ಬಿಡಿಸಿ ನೋಡಬೇಕು.

ಹಾಗೆ ಬಿಡಿಸಿ ನೋಡಲು ಬೀಡಿಯ ಕತೆಗಿಂತ ಉತ್ತಮ ಪಾಠ ನನಗೆ ಸಿಕ್ಕಿಲ್ಲ. ಬೀಡಿ ಮಂಗಳೂರಿನ ಉದ್ಯಮ. ಎಲೆ ಮತ್ತು ಹುಡಿ ಮಂಗಳೂರಿನಿಂದ ಹೊರಟು ತೆಂಕಣಕ್ಕೆ ಕಣ್ಣೂರಿನವರೆಗೂ ಹೋಗುತ್ತಿತ್ತು, ಕಟ್ಟಿದ ಬೀಡಿ ವಾಪಸು ಬರುತ್ತಿತ್ತು. ಸಂಸತ್ತು 1966ರಲ್ಲಿ ಬೀಡಿ ಕಾರ್ಮಿಕರ ಕಾಯಿದೆ ಮಾಡಿತು. ಅದನ್ನು ಜಾರಿಗೆ ತರುವ ಹೊಣೆ ರಾಜ್ಯಗಳದ್ದಾಗಿತ್ತು. ಕೇರಳ 1968ರಲ್ಲಿ ಜಾರಿಗೆ ತಂದಿತು, ಈಚೆ ಇನ್ನೂ ಬಂದಿರಲಿಲ್ಲ. ಮಂಗಳೂರಿನ ದೊಡ್ಡ ಕಂಪನಿ ಕಣ್ಣೂರಿನ ತನ್ನ ಕೆಲಸವನ್ನೇ ನಿಲ್ಲಿಸಿತು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಒಂದೇ ದೇಶದ ಒಂದೇ ಕಾಯಿದೆ, ಎರಡು ರಾಜ್ಯಗಳಲ್ಲಿ ಎರಡು ಹೊತ್ತಿಗೆ ಎಚ್ಚರಾದದ್ದರ ಫಲ ಅದು. ಕೆಲಸ ಕಳೆದುಕೊಂಡವರು ಸುಮ್ಮನೆ ಕೂರಲಿಲ್ಲ. 1969ರ ಫೆಬ್ರವರಿಯಲ್ಲಿ ಸರಕಾರದ ಬೆಂಬಲದಿಂದ ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿದರು. ಮುಂದೆ ಅದು ಕಾರ್ಮಿಕರೇ ನಡೆಸುವ ಉದ್ಯಮಕ್ಕೆ ದೇಶದಲ್ಲೇ ಹೆಸರಾದ ಉದಾಹರಣೆಯಾಯಿತು. ಕಣ್ಣೂರಿಗೆ ಹಾಗೊಂದು ಸಂಘಟನೆಯ ಬಲವಿತ್ತು. ಮಂಜೇಶ್ವರ, ಕುಂಬಳೆಯ ಮನೆಗಳಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದ ಹೆಂಗಸರಿಗೆ ಅದು ಇರಲಿಲ್ಲ. ಅವರು ಮಂಗಳೂರಿನ ಗುತ್ತಿಗೆದಾರರ ಕೈಕೆಳಗೇ ಉಳಿದರು. ನಮ್ಮ ಮನೆಯ ಎದುರು ಗುಡ್ಡೆಯ ಮನೆಗಳಲ್ಲಿ ಹೆಣ್ಣುಮಕ್ಕಳ ಮದುವೆ ಚಿನ್ನ ಬಂದದ್ದು ಬೀಡಿಯ ದುಡ್ಡಿನಿಂದ. ಈಗ ಜಿಎಸ್‌ಟಿ, ಆರೋಗ್ಯದ ಕಾಳಜಿ ಎರಡೂ ಸೇರಿ ಬೀಡಿ ಇಳಿಮುಖವಾಗಿದೆ; ಇಳಿಯಬೇಕಾದದ್ದೇ. ಆದರೆ ಆ ಹೆಂಗಸರಿಗೆ ಮುಂದೇನು ಎಂಬ ಪ್ರಶ್ನೆಯನ್ನು ಎರಡು ರಾಜ್ಯಗಳಲ್ಲಿ ಯಾವುದೂ ಪೂರ್ತಿ ತನ್ನದೆಂದು ತಿಳಿದಿಲ್ಲ. ಕೆಲಸಗಾರರು ಅತ್ತ, ಕಂಪನಿ ಇತ್ತ.

ಕೂಲಿಯಲ್ಲಿಯೂ ಇದೇ ಬಗೆಯ ಅಂತರ. ರಿಸರ್ವ್ ಬ್ಯಾಂಕಿನ ಅಂಕಿಅಂಶ ಕೈಪಿಡಿಯ ಪ್ರಕಾರ 2022-23ರಲ್ಲಿ ಕೇರಳದ ಕೃಷಿ ಕೂಲಿ ದಿನಕ್ಕೆ ಸರಾಸರಿ 764 ರೂಪಾಯಿ. ದೇಶದ ಸರಾಸರಿ 346ರ ಆಸುಪಾಸು. ಗಡಿಯ ಹತ್ತಿರದ ಹಳ್ಳಿಗಳಲ್ಲಿ ಈ ಅಂತರ ನಿಲ್ಲುವುದಿಲ್ಲ. ಅಡಿಕೆ ಕೊಯ್ಯಲು, ಮದ್ದು ಬಿಡಲು ಮರ ಹತ್ತುವವರು ಯಾವ ಕಡೆ ಕೂಲಿ ಹೆಚ್ಚೋ ಆ ಕಡೆ ಬೈಕು ಹತ್ತುತ್ತಾರೆ. ಈಚೆಯ ತೋಟದವರೂ ಅದೇ ಕೂಲಿ ಕೊಡಬೇಕಾಗುತ್ತದೆ. ಪೆಟ್ರೋಲಿನದ್ದು ಇದರ ಉಲ್ಟಾ. ಕರ್ನಾಟಕದಲ್ಲಿ ತೆರಿಗೆ ಕಡಿಮೆಯಾದ ಕಾರಣ ತಲಪಾಡಿಯ ಈಚೆಗಿನ ಬಂಕುಗಳಲ್ಲಿ ಕೇರಳದ ನಂಬರಿನ ವಾಹನಗಳು ಸಾಲುಗಟ್ಟುತ್ತವೆ. 2023ರ ಏಪ್ರಿಲಿನಲ್ಲಿ ಕೇರಳ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಹಾಕಿದ ಮೇಲೆ ಸಾಲು ಇನ್ನಷ್ಟು ಬೆಳೆಯಿತು. ಆ ಸೆಸ್ಸಿನ ದುಡ್ಡು ಬಡವರ ಪಿಂಚಣಿಗೆ. ಮಂಜೇಶ್ವರದವರು ಪಿಂಚಣಿ ಅಲ್ಲಿ ಪಡೆದು ಪೆಟ್ರೋಲು ಇಲ್ಲಿ ತುಂಬಿಸಿದರೆ ತಪ್ಪೇನಲ್ಲ. ಹತ್ತು ಕಿಲೋಮೀಟರ್ ಒಳಗೆ ಎರಡು ಬೆಲೆ ಇದ್ದರೆ ಯಾರಾದರೂ ಮಾಡುವುದು ಅದನ್ನೇ.

ಇದೆಲ್ಲ ಹೊಟ್ಟೆಪಾಡಿನ ವ್ಯವಹಾರ. ಈಗ ಹೇಳಲಿರುವುದು ಹೇಳಲು ಕಷ್ಟವಾದದ್ದು.

ಉತ್ತರ ಕಾಸರಗೋಡಿನ ಜನರಿಗೆ ಆಸ್ಪತ್ರೆ ಎಂದರೆ ಮಂಗಳೂರು. ವೆನ್ಲಾಕ್ ಸರಕಾರಿ ಆಸ್ಪತ್ರೆ ಹಿಂದಿನಿಂದ ಇತ್ತು. 1953ರಲ್ಲಿ ಶುರುವಾದ ಕೆಎಂಸಿಯ ನಂತರ ಒಂದರ ಹಿಂದೊಂದು ವೈದ್ಯಕೀಯ ಕಾಲೇಜುಗಳು ಬಂದವು. ಅವುಗಳಲ್ಲಿ ಮೂರು ದೇರಳಕಟ್ಟೆ, ನಾಟೆಕಲ್ ಸುತ್ತಿನಲ್ಲಿ, ಅಂದರೆ ಗಡಿಯ ಬದಿಯಲ್ಲೇ ಇವೆ. ಅವು ಅಲ್ಲಿ ಎದ್ದುದಕ್ಕೆ ಕಾರಣಗಳು ಹಲವು. ಗಡಿಯಾಚೆಯ ರೋಗಿಗಳು ಅವುಗಳಲ್ಲಿ ಒಂದು. ಗಲ್ಫಿನಲ್ಲಿ ದುಡಿದ ಕಾಸರಗೋಡಿನ ದುಡ್ಡು ಮಂಗಳೂರಿನ ಚಿನ್ನದಂಗಡಿ, ಬಟ್ಟೆಯಂಗಡಿ, ಫ್ಲ್ಯಾಟು, ಕಾಲೇಜು ಫೀಸು ಮತ್ತು ಆಸ್ಪತ್ರೆಯ ಬಿಲ್ಲಾಗಿ ಇಲ್ಲಿ ಖರ್ಚಾಗಿದೆ. ಆಚೆಗೆ ಉಕ್ಕಿನಡ್ಕದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 2013ರ ನವೆಂಬರಿನಲ್ಲಿ. ಆರು ವರ್ಷದ ನಂತರ ಕೋವಿಡ್ ಸೋಂಕು ಬಂದಾಗಲೂ ಅಲ್ಲಿ ಆಸ್ಪತ್ರೆಯ ಕಟ್ಟಡ ಮುಗಿದಿರಲಿಲ್ಲ; ತರಗತಿಗಳಿಗೆಂದು ಕಟ್ಟಿದ ಕಟ್ಟಡವನ್ನೇ ಕೋವಿಡ್ ಆಸ್ಪತ್ರೆ ಮಾಡಿದರು. ಪಕ್ಕದಲ್ಲಿ ಮಂಗಳೂರು ಇದೆಯಲ್ಲ ಎಂಬ ನೆಮ್ಮದಿಯೇ ಆ ನಿಧಾನಕ್ಕೆ ಕಾರಣ ಎಂದು ನಾನು ಬಲವಾಗಿ ನಂಬಿದ್ದೇನೆ.

2020ರ ಮಾರ್ಚಿನಲ್ಲಿ ಗಡಿ ಮುಚ್ಚಿತು. ಹೆದ್ದಾರಿಯಲ್ಲಿ ಬ್ಯಾರಿಕೇಡು, ಒಳರಸ್ತೆಗಳಲ್ಲಿ ಟಿಪ್ಪರುಗಳಲ್ಲಿ ತಂದು ಸುರಿದ ಮಣ್ಣಿನ ರಾಶಿ. ಸೋಂಕಿನ ಭಯ ಸುಳ್ಳಲ್ಲ. ಆಗ ಕಾಸರಗೋಡಿನಲ್ಲಿ ಪ್ರಕರಣಗಳು ಹೆಚ್ಚಿದ್ದವು, ಈಚೆಗಿನ ಅಧಿಕಾರಿಗಳು ತಮ್ಮ ಜನರನ್ನು ಕಾಯಬೇಕಿತ್ತು. ಆದರೆ ಆಂಬ್ಯುಲೆನ್ಸಿಗೂ ದಾರಿ ಇರಲಿಲ್ಲ. ಸಕಾಲಕ್ಕೆ ಚಿಕಿತ್ಸೆ ಸಿಗದೆ ಗಡಿಯಾಚೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರವು ಮಾಡಿಸಬೇಕೆಂದು ಕೇಂದ್ರಕ್ಕೆ ಹೇಳಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡು ರಾಜ್ಯಗಳು ಒಂದು ಕ್ರಮಕ್ಕೆ ಒಪ್ಪಿವೆ ಎಂದು ಕೇಂದ್ರ ತಿಳಿಸಿದ ಮೇಲೆ ಏಪ್ರಿಲ್ 7ರಂದು ಮುಗಿಯಿತು.

ನನ್ನ ಅಕ್ಕ ಹೊಸಂಗಡಿಯಲ್ಲಿ ಇದ್ದಳು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಆಸ್ಪತ್ರೆ ಅವಳ ಮನೆಯಿಂದ ಅರ್ಧ ಗಂಟೆಯ ದಾರಿ, ಬೇರೆ ರಾಜ್ಯದಲ್ಲಿ. ಗಡಿ ಮುಚ್ಚಿದ ವಾರ ಅವಳನ್ನು ತೆಂಕಣಕ್ಕೆ, ಐವತ್ತು ಕಿಲೋಮೀಟರಿಗೂ ದೂರದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಮೊದಲಿನಿಂದ ಇದ್ದ ರೋಗಿಗಳಿಗೇ ಯಂತ್ರ ಸಾಲದು. ಎರಡು ಸರದಿ ತಪ್ಪಿದವು. ನಾನು ಮಂಗಳೂರಿನಲ್ಲಿದ್ದೆ, ಇಪ್ಪತ್ತು ಕಿಲೋಮೀಟರ್ ಆಚೆ ಅವಳ ಕಾಲು ಬಾತು, ಉಸಿರು ಕಟ್ಟುತ್ತಿತ್ತು, ನಾನು ಫೋನಿನಲ್ಲಿ ಕೇಳುತ್ತಿದ್ದೆ. “ನೀನು ಅಳಬೇಡ ಮಾರಾಯ, ನಿನ್ನ ಊರಿನವರೇ ಅಲ್ಲವಾ ಮಣ್ಣು ಹಾಕಿದ್ದು” ಎಂದಳು. ಕೊಂಕಿನಿಂದ ಹೇಳಿದ್ದಲ್ಲ, ನನ್ನ ಊರು ಬೇರೆ, ಅವಳ ಊರು ಬೇರೆ ಎಂದು ಅವಳ ಬಾಯಲ್ಲಿ ಮೊದಲ ಬಾರಿ ಬಂದದ್ದು ಅಂದು. ಆ ಸಲ ಅವಳು ಬದುಕಿಕೊಂಡಳು. ಎರಡು ವರ್ಷದ ನಂತರ ಹೋದಳು. ಅವಳ ಪ್ಲಾಸ್ಟಿಕ್ ಕವರು ನನ್ನ ಬಳಿ ಇದೆ. ಒಳಗೆ ಕೇರಳದ ರೇಷನ್ ಕಾರ್ಡು, ಕರ್ನಾಟಕದ ಆಸ್ಪತ್ರೆಯ ಫೈಲು, ನಡುವೆ ಬಸ್ಸಿನ ಟಿಕೇಟುಗಳು.

ಆಗ ತಲಪಾಡಿಯಲ್ಲಿ ರೋಗಿಗಳನ್ನು ದಾಟಿಸಲು ಎರಡು ರಾಜ್ಯಗಳು ಒಪ್ಪಿದ ಏರ್ಪಾಡು ಬಿಕ್ಕಟ್ಟಿನ ಜೊತೆಗೆ ಮುಗಿದುಹೋಯಿತು. ಬಿಕ್ಕಟ್ಟಿಲ್ಲದ ಕಾಲಕ್ಕೂ ಅಂಥದ್ದೊಂದು ಬೇಕು. ಸಾಧ್ಯವಿಲ್ಲದ್ದನ್ನು ಕೇಳುತ್ತಿಲ್ಲ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಚಿಕಿತ್ಸೆಗೆ ಕೇರಳ ಸರಕಾರ ಮಂಗಳೂರಿನ ಕೆಲವು ಆಸ್ಪತ್ರೆಗಳನ್ನೂ ತನ್ನ ಪಟ್ಟಿಗೆ ಸೇರಿಸಿತ್ತು. ಒಂದು ರಾಜ್ಯದ ಖಜಾನೆ ಇನ್ನೊಂದು ರಾಜ್ಯದ ಆಸ್ಪತ್ರೆಗೆ ದುಡ್ಡು ಕಟ್ಟುವುದಕ್ಕೆ ಕಾನೂನಿನ ಅಡ್ಡಿ ಇಲ್ಲ ಎಂದಾಯಿತು. ಡಯಾಲಿಸಿಸ್, ಹೆರಿಗೆ, ಅಪಘಾತ, ಹೃದಯಾಘಾತ, ಇಷ್ಟಕ್ಕಾದರೂ ಅದನ್ನು ವಿಸ್ತರಿಸಿದರೆ ಮಂಜೇಶ್ವರ ತಾಲೂಕಿನ ಅರ್ಧ ಭಯ ಹೋಗುತ್ತದೆ.

ಮೀನಿನ ವಿಷಯ ಸಣ್ಣದಾಗಿ ಕಾಣುತ್ತದೆ, ಆದರೆ ಎರಡು ಪುಸ್ತಕಗಳ ಲೆಕ್ಕ ಎಂದರೇನು ಎಂದು ತೋರಿಸಲು ಅದಕ್ಕಿಂತ ಸರಳ ಉದಾಹರಣೆ ಇಲ್ಲ. ಮಳೆಗಾಲದಲ್ಲಿ ಮೀನು ಮೊಟ್ಟೆಯಿಡುವ ಹೊತ್ತಿಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯಬಾರದು. ಕರ್ನಾಟಕದಲ್ಲಿ ಈ ರಜೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ, 52 ದಿನ. ನಡುವೆ ಒಂಬತ್ತು ದಿನ ಈಚೆಯ ಬೋಟು ಧಕ್ಕೆಯಲ್ಲಿ ಕಟ್ಟಿರುತ್ತದೆ, ಆಚೆಯ ಬೋಟು ಕಡಲಲ್ಲಿರುತ್ತದೆ. ಬೂತಾಯಿ, ಬಂಗುಡೆಗೆ ತಲಪಾಡಿ ಎಲ್ಲಿದೆ ಎಂದು ತಿಳಿಯದು. ಐಸಿನ ನೀರು ತೊಟ್ಟಿಕ್ಕುತ್ತ ರಾತ್ರಿಯಿಡೀ ತೆಂಕಣಕ್ಕೆ ಹೋಗುವ ಮೀನಿನ ಲಾರಿಗಳು ವರ್ಷದ ಉಳಿದ ದಿನ ಎರಡು ರಾಜ್ಯಗಳ ಮೀನುಗಾರರನ್ನೂ ಒಂದೇ ಬೆಲೆಗೆ ಕಟ್ಟುತ್ತವೆ. ಮೀನಿಗಾಗಿಯಾದರೂ ಎರಡು ಇಲಾಖೆಗಳು ಒಂದೇ ಕ್ಯಾಲೆಂಡರು ಇಟ್ಟುಕೊಳ್ಳಬಾರದೇ?

ಮುಂದಿನ ದಿನಗಳ ಬಗ್ಗೆ ನನ್ನ ಅಂದಾಜು ಹೇಳುತ್ತೇನೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಆರು ಪಥವಾಗಿದೆ. ಕಟ್ಟಿದ್ದು ಕೇರಳದ ಒಂದು ಕಾರ್ಮಿಕ ಸಹಕಾರಿ ಸಂಘ ಎಂಬುದನ್ನು ಮೆಚ್ಚಿ ಹೇಳಬೇಕು. ಕುಂಬಳೆ, ಉಪ್ಪಳದಿಂದ ಮಂಗಳೂರಿಗೆ ಈಗ ಹಿಂದೆಂದಿಗಿಂತ ಬೇಗ ಬರಬಹುದು. ಮಂಗಳೂರು ನಗರ ಬಡಗಣಕ್ಕೆ ಸುರತ್ಕಲ್ಲಿನವರೆಗೆ ಬೆಳೆದಾಗಿದೆ. ಇನ್ನು ತೊಕ್ಕೊಟ್ಟು, ಕೋಟೆಕಾರು ದಾಟಿ ತೆಂಕಣಕ್ಕೆ ಬೆಳೆಯುತ್ತದೆ. ಗಡಿಯನ್ನು ದಾಟಿ ಮಂಜೇಶ್ವರದಲ್ಲಿ ಮನೆ ಮಾಡಿ ಇಲ್ಲಿ ದುಡಿಯುವವರು ಹೆಚ್ಚುತ್ತಾರೆ. ಆಗ ನೀರು, ಕಸ, ಬಸ್ಸು ಎಲ್ಲವೂ ಎರಡು ರಾಜ್ಯಗಳ ಪ್ರಶ್ನೆಯಾಗುತ್ತವೆ. ಇನ್ನೊಂದು ಕಡೆ ಕಾಸರಗೋಡನ್ನು ತೆಂಕಣಕ್ಕೆ ಎಳೆಯುವ ಶಕ್ತಿಗಳೂ ಇವೆ. 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಪೆರಿಯದಲ್ಲಿದೆ. 2018ರ ಡಿಸೆಂಬರಿನಿಂದ ಕಣ್ಣೂರಿನಲ್ಲಿ ವಿಮಾನ ನಿಲ್ದಾಣವಿದೆ. ಮಂಗಳೂರಿನ ವರ್ತಕರು ಆಚೆಯವರು ಹೇಗೂ ಬರುತ್ತಾರೆ ಎಂದು ಕುಳಿತಿದ್ದರೆ ಆ ಕಾಲ ಮುಗಿಯುತ್ತ ಬಂತು.

ನೆಲದಡಿಯಲ್ಲಿ ಮಾತ್ರ ಎರಡು ರಾಜ್ಯಗಳು ಈಗಾಗಲೇ ಕೂಡಿವೆ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಉದ್ದದ ಅನಿಲ ಕೊಳವೆ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಆ ಕೊಳವೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಜೋಡಿಸಿದ್ದು ಚಂದ್ರಗಿರಿ ಹೊಳೆಯ ಅಡಿಯ ಸುಮಾರು ಒಂದೂವರೆ ಕಿಲೋಮೀಟರ್. ತುಳುನಾಡಿನ ಹಳೆಯ ಎಲ್ಲೆ, ಮಹಾಜನ ಆಯೋಗ ಗುರುತಿಸಿದ ಗೆರೆ, ಅದೇ ಹೊಳೆ. ಅಷ್ಟು ಕಷ್ಟಪಟ್ಟು ಅದನ್ನು ದಾಟಿದವರು ಮೇಲಿನ ಕೆಲಸಗಳಲ್ಲಿ ಎಡವುತ್ತಿದ್ದಾರೆ. ಉಡುಪಿಯಿಂದ ಕಾಸರಗೋಡಿಗೆ ಹೋಗುವ 400 ಕಿಲೋವೋಲ್ಟ್ ವಿದ್ಯುತ್ ತಂತಿಗೆ ಬಂಟ್ವಾಳ ತಾಲೂಕಿನ ಅಡಿಕೆ ಬೆಳೆಗಾರರ ವಿರೋಧವಿದೆ. ತೋಟ ಹೋಗುವುದು ಇಲ್ಲಿ, ಬೆಳಕು ಬರುವುದು ಅಲ್ಲಿ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯ ಹಾದು ಕಾಣಿಯೂರಿಗೆ ರೈಲು ಬೇಕೆಂಬ ಬೇಡಿಕೆ ಸರ್ವೆಯಾಗಿ, ಒಂದು ರಾಜ್ಯದ ಒಪ್ಪಿಗೆ ಇನ್ನೊಂದರ ಸಮ್ಮತಿಗೆ ಕಾದು ಕೂತಿದೆ. ಗಡಿ ಇಲ್ಲದಂತೆ ನಟಿಸಿದರೂ ಆಗದು ಎಂಬುದಕ್ಕೆ ಮಂಗಳೂರಿನ ರೈಲು ನಿಲ್ದಾಣವೇ ಸಾಕ್ಷಿ. ಅದು ಇವತ್ತಿಗೂ ಪಾಲಕ್ಕಾಡು ವಿಭಾಗದಲ್ಲಿದೆ. ಇಲ್ಲಿಂದ ಬೆಂಗಳೂರಿಗೆ ಹೊರಟ ರೈಲು ಕೆಲವೇ ಕಿಲೋಮೀಟರಿನಲ್ಲಿ ಬೇರೆ ವಲಯಕ್ಕೆ ಹೋಗುತ್ತದೆ, ಮುಂಬಯಿಗೆ ಹೊರಟದ್ದು ಕೊಂಕಣ ರೈಲ್ವೆಗೆ. ಮೂರು ಆಡಳಿತಗಳ ತುದಿಯಲ್ಲಿರುವ ನಿಲ್ದಾಣದ ದೂರು ಮೂರು ಕಡೆಯೂ ಕೊನೆಯ ದೂರು.

ಹಾಗಾದರೆ ಮಾಡಬೇಕಾದದ್ದೇನು? ಹೊಸ ಕಾನೂನು ಬೇಕಿಲ್ಲ. 1956ರಲ್ಲಿ ನಮ್ಮನ್ನು ಬೇರೆ ಮಾಡಿದ ರಾಜ್ಯ ಪುನರ್ವಿಂಗಡಣಾ ಕಾಯಿದೆಯಲ್ಲೇ ವಲಯ ಮಂಡಳಿಗಳ ಅಧ್ಯಾಯವೂ ಇದೆ. ಗಡಿ ತಕರಾರು, ಭಾಷಾ ಅಲ್ಪಸಂಖ್ಯಾತರು, ಅಂತರರಾಜ್ಯ ಸಾರಿಗೆ, ಇವನ್ನು ಆ ಮಂಡಳಿ ಚರ್ಚಿಸಬಹುದು ಎಂದು ಅದು ಹೇಳುತ್ತದೆ. ಕತ್ತರಿಯ ಜೊತೆಗೇ ಸೂಜಿದಾರವನ್ನೂ ಕೊಟ್ಟಿದ್ದಾರೆ. ನಾವು ಸೂಜಿಯನ್ನು ಡಬ್ಬಿಯಿಂದ ತೆಗೆದಿಲ್ಲ. ದಕ್ಷಿಣ ವಲಯ ಮಂಡಳಿಯಲ್ಲಿ ನದಿ ನೀರಿನಂಥ ದೊಡ್ಡ ವಿಷಯಗಳ ನಡುವೆ ಹೊಸಂಗಡಿಯಿಂದ ಡಯಾಲಿಸಿಸಿಗೆ ಹೋಗುವವರ ಬಸ್ಸಿಗೆ ಜಾಗ ಸಿಗುವುದು ಕಷ್ಟ ಎಂದು ಬಲ್ಲೆ. ಆದ್ದರಿಂದ ಅದರ ಕೆಳಗೆ ಎರಡು ಜಿಲ್ಲೆಗಳ ಮಟ್ಟದ ಒಂದು ಕಾಯಂ ಸಮಿತಿ ಬೇಕು. ಇಬ್ಬರು ಜಿಲ್ಲಾಧಿಕಾರಿಗಳು, ಸಾರಿಗೆ, ಆರೋಗ್ಯ, ಮೀನುಗಾರಿಕೆ ಇಲಾಖೆಯವರು ಮೂರು ತಿಂಗಳಿಗೊಮ್ಮೆ ತಲಪಾಡಿಯಲ್ಲೇ ಕೂರಬೇಕು. ಅವರ ಮುಂದೆ ಮೊದಲು ಇರಬೇಕಾದದ್ದು ಎಣಿಕೆ. ದಿನಕ್ಕೆ ಎಷ್ಟು ಮಂದಿ ದಾಟುತ್ತಾರೆ, ಯಾವ ಕೆಲಸಕ್ಕೆ ದಾಟುತ್ತಾರೆ ಎಂದು ಬರೆದಿಟ್ಟ ಪುಸ್ತಕ. ಟೋಲಿನವರು ವಾಹನ ಎಣಿಸುತ್ತಾರೆ. ಒಳಗೆ ಕುಳಿತವರ ಕೈಯಲ್ಲಿ ಸ್ಕ್ಯಾನಿಂಗ್ ಫೈಲು ಇದೆಯೋ, ಅಡಿಕೆಯ ಸ್ಯಾಂಪಲ್ ಇದೆಯೋ, ಕಾಲೇಜಿನ ಬ್ಯಾಗಿದೆಯೋ ಎಂದು ಯಾರೂ ಕೇಳುವುದಿಲ್ಲ.

ಸಮಿತಿ ಆಗುವವರೆಗೆ ಕಾಯುವುದೂ ಬೇಡ. ಈ ಉಪನ್ಯಾಸಕ್ಕಾಗಿ ನನಗೆ ಕೊಡುವ ಗೌರವಧನವನ್ನು ಇಲ್ಲಿಯ ಅರ್ಥಶಾಸ್ತ್ರ ವಿಭಾಗಕ್ಕೆ ಬಿಡುತ್ತಿದ್ದೇನೆ. ವಿಭಾಗದ ಮುಖ್ಯಸ್ಥರ ಜೊತೆ ಮಾತಾಡಿದ್ದೇನೆ, ಅವರು ಒಪ್ಪಿದ್ದಾರೆ. ಬರುವ ಜೂನ್ 1ರಿಂದ 9ರವರೆಗೆ, ಈಚೆಯ ಬೋಟುಗಳು ನಿಂತು ಆಚೆಯವು ಓಡುವ ಆ ಒಂಬತ್ತು ದಿನ, ಈ ಕಾಲೇಜಿನ ಮತ್ತು ಗಡಿಯಾಚೆಯ ಒಂದು ಕಾಲೇಜಿನ ವಿದ್ಯಾರ್ಥಿಗಳು ಜೋಡಿಯಾಗಿ ತಲಪಾಡಿಯಲ್ಲಿ ನಿಲ್ಲಲಿದ್ದಾರೆ. ಒಬ್ಬರಿಗೆ ಕನ್ನಡ, ತುಳು. ಇನ್ನೊಬ್ಬರಿಗೆ ಮಲೆಯಾಳ, ಬ್ಯಾರಿ. ಬಸ್ಸಿನಿಂದ ಇಳಿದವರನ್ನು ಎಲ್ಲಿಂದ, ಎಲ್ಲಿಗೆ, ಯಾತಕ್ಕೆ ಎಂದು ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಾರೆ. ಉದ್ದ ರೂಲಿನ ಪುಸ್ತಕವನ್ನು ನಾನೇ ತಂದಿದ್ದೇನೆ, ಈ ಮೇಜಿನ ಮೇಲಿದೆ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಬನ್ನಿ. ಕೊಡೆ ತರಬೇಕು, ಆ ಹೊತ್ತಿಗೆ ಮಳೆ ಹಿಡಿದಿರುತ್ತದೆ.